ಕಾಲಿಗೆ ಬಿಸಿನೀರು, ಕಣ್ಣಿಗೆ ನಿದ್ದಿ

ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಕೂಸಿಗೆ ಎರೆಯೋದನ್ನು ನೋಡಿದವರಿಗೆ ಇದು ಹೊಸದಲ್ಲ. ಎರೆಯುವ ಆಯಿ ಬಚ್ಚಲದಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಮೈಗೆಲ್ಲ ಎಣ್ಣೆ ತಿಕ್ಕುತ್ತಾಳೆ. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ, ತಂಬಿಗೆ ತಂಬಿಗೆ ಹೊಯ್ಯುತ್ತಾಳೆ. ಕೂಸು ಓಣಿಗೆಲ್ಲ ಕೇಳುವ ಹಾಗೆ ಚೀರುತ್ತದೆ. ಒರೆಸಿ, ಅರಿವೆಯಲ್ಲಿ ಸುತ್ತಿ, ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಗಪ್ಪ್! ಎರಡು ತಾಸು ಮನೆಯವರಿಗೆಲ್ಲ ಆರಾಮ.

ಅದೇ ಕೂಸು ದೊಡ್ಡದಾಗಿ, ಡಿಗ್ರಿ ಮುಗಿಸಿ, ನೌಕರಿ ಹಿಡಿದು, ಮೂವತ್ತರ ಹತ್ತಿರ ಬರುತ್ತದೆ. ಈಗ ರಾತ್ರಿ ಒಂದು ಗಂಟೆಯಾದರೂ ಕಣ್ಣು ಮುಚ್ಚುವುದಿಲ್ಲ. ಈ ಕಡೆ ಹೊಳ್ಳು, ಆ ಕಡೆ ಹೊಳ್ಳು, ಮತ್ತೆ ಫೋನು ಕೈಗೆ. ಬೆಳಿಗ್ಗೆ ಎದ್ದರೆ ತಲಿ ಭಾರ, ಮಾತಿಗೊಮ್ಮೆ ಸಿಟ್ಟು, ಹನ್ನೊಂದರ ಹೊತ್ತಿಗೆ ಮೂರನೇ ಚಾ.

ನಾನೂ ಇದೇ ಪೈಕಿ. ಬೈಲಹೊಂಗಲದವ, ಸಾಫ್ಟ್‌ವೇರ್ ಕೆಲಸ, ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ. ಸಂಜೆ ಊರೆಲ್ಲ ಬಾಗಿಲು ಹಾಕುವ ಹೊತ್ತಿಗೆ ನಮ್ಮ ಮೀಟಿಂಗು ಶುರು. ಲ್ಯಾಪ್‌ಟಾಪ್ ಮುಚ್ಚಿದರೂ ತಲೆಯೊಳಗಿನ ಮೀಟಿಂಗು ಮುಗಿದಿರುವುದಿಲ್ಲ. ಹಿಂಗಿದ್ದಾಗ ಅವ್ವ ಹೇಳುತ್ತಿದ್ದ ಒಂದು ಮಾತನ್ನು ಸ್ವಲ್ಪ ತಲೆ ಕೊಟ್ಟು ಓದಿ ನೋಡಬೇಕು ಅನ್ನಿಸಿತು. ಮಾತು ಇಷ್ಟೇ: "ಕಾಲ ತೊಕ್ಕೊಂಡು ಮಲಕೋ, ಇಲ್ಲಾಂದ್ರ ನಿದ್ದಿ ಹತ್ತೂದಿಲ್ಲ, ಕೆಟ್ಟ ಕನಸ ಬೀಳ್ತಾವ." ಕನಸಿನ ವಿಷಯ ಬಿಡಿ. ನಿದ್ದೆಯ ವಿಷಯದಲ್ಲಿ ಮಾತ್ರ, ಆ ನೀರು ಬೆಚ್ಚಗಿದ್ದರೆ, ಅವ್ವನ ಮಾತಿಗೆ ಗಟ್ಟಿ ಆಧಾರ ಇದೆ.

ಬಿಸಿ ಏರೋದಲ್ಲ, ಬಿಸಿ ಇಳಿಯೋದು

ಬಿಸಿನೀರು ಹಾಕಿಕೊಂಡರೆ ಮೈ ಬೆಚ್ಚಗಾಗಿ ನಿದ್ದೆ ಬರುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಡೆಯುವುದು ಸ್ವಲ್ಪ ಬೇರೆ.

ನಮ್ಮ ದೇಹದ ಒಳಗಿನ ಉಷ್ಣತೆ ದಿನವಿಡೀ ಒಂದೇ ತೆರನಾಗಿ ಇರುವುದಿಲ್ಲ. ಸಂಜೆ ಹೊತ್ತಿಗೆ ಮೇಲಿರುತ್ತದೆ, ರಾತ್ರಿ ಆಗುತ್ತಿದ್ದಂತೆ ಇಳಿಯತೊಡಗುತ್ತದೆ, ಬೆಳಗಿನ ಜಾವ ಎಲ್ಲಕ್ಕಿಂತ ಕೆಳಗಿರುತ್ತದೆ. ಮೇಲಕ್ಕೂ ಕೆಳಕ್ಕೂ ಇರುವ ವ್ಯತ್ಯಾಸ ಸುಮಾರು 1 ಡಿಗ್ರಿ ಸೆಲ್ಸಿಯಸ್, ಅಷ್ಟೇ. ಆದರೆ ಈ ಇಳಿತ ಶುರುವಾಗುವುದೇ ಮಿದುಳಿಗೆ "ಇನ್ನು ಮಲಗು" ಅನ್ನುವ ಸೂಚನೆ.

ಒಳಗಿನ ಬಿಸಿ ಹೊರಗೆ ಹೋಗಬೇಕಲ್ಲ, ಎಲ್ಲಿಂದ ಹೋಗುತ್ತದೆ? ಮುಖ್ಯವಾಗಿ ಅಂಗೈ ಮತ್ತು ಅಂಗಾಲಿನಿಂದ. ಅಲ್ಲಿ ಕೂದಲಿಲ್ಲ, ಚರ್ಮದ ಕೆಳಗೆ ರಕ್ತವನ್ನು ನೇರವಾಗಿ ಹರಿಯಬಿಡುವ ವಿಶೇಷ ನಾಳಗಳಿವೆ. ಅವು ತೆರೆದುಕೊಂಡರೆ ಬಿಸಿ ರಕ್ತ ಪಾದಕ್ಕೆ ಹರಿದು ಬಂದು, ಬಿಸಿಯನ್ನು ಗಾಳಿಗೆ ಬಿಟ್ಟು, ತಣ್ಣಗಾಗಿ ಒಳಗೆ ಹೋಗುತ್ತದೆ. ಕಂಪ್ಯೂಟರ್ ಬಿಚ್ಚಿ ನೋಡಿದವರಿಗೆ ಸಿಪಿಯು ಮೇಲೆ ಕೂತ ಹೀಟ್‌ಸಿಂಕ್ ನೆನಪಾಗಬಹುದು. ನಮ್ಮ ಪಾದ ಅದೇ ಕೆಲಸ ಮಾಡುತ್ತದೆ. ಪಾದ ತಣ್ಣಗಿದ್ದರೆ ನಾಳಗಳು ಬಿಗಿದುಕೊಂಡಿರುತ್ತವೆ, ಒಳಗಿನ ಬಿಸಿ ಒಳಗೇ ಉಳಿಯುತ್ತದೆ.

1999ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಯಾರಿಗೆ ಬೇಗ ನಿದ್ದೆ ಹತ್ತುತ್ತದೆ ಅಂತ ಮೊದಲೇ ಹೇಳಲು ಯಾವ ಅಳತೆ ಒಳ್ಳೆಯದು ಅಂತ ಅವರು ಹುಡುಕಿದ್ದರು. ಕೈಕಾಲುಗಳ ರಕ್ತನಾಳ ಎಷ್ಟು ತೆರೆದುಕೊಂಡಿವೆ ಅನ್ನುವುದೇ ಎಲ್ಲಕ್ಕಿಂತ ಒಳ್ಳೆಯ ಸೂಚನೆ ಅಂತ ಗೊತ್ತಾಯಿತು. ಅಂದರೆ ಪಾದ ಬೆಚ್ಚಗಿದ್ದವರಿಗೆ ನಿದ್ದೆ ಬೇಗ.

ಬಿಸಿನೀರು ಮಾಡುವುದು ಈ ಕೆಲಸವನ್ನೇ. ಪಾದದ ನಾಳಗಳನ್ನು ತೆರೆಸುತ್ತದೆ. ನೀರಿನಿಂದ ಕಾಲು ತೆಗೆದ ಮೇಲೆ ಒಳಗಿನ ಬಿಸಿ ಹೊರಗೆ ಹೋಗತೊಡಗುತ್ತದೆ. ಅಲ್ಲಿಂದ ಮುಂದೆ ಒಂದು ತಾಸು, ಒಂದೂವರೆ ತಾಸಿನಲ್ಲಿ ದೇಹ ಮಲಗಲು ತಯಾರಾಗುತ್ತದೆ.

ಸ್ನಾನ ಮಾಡಿ ಸೀದಾ ಹಾಸಿಗೆಗೆ ಹೋಗಬೇಡಿ

ಹೀಗಾಗಿ ಇದರಲ್ಲಿ ನೀರಿಗಿಂತ ವೇಳೆ ಮುಖ್ಯ. 2019ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನ ಎಂಜಿನಿಯರುಗಳ ತಂಡವೊಂದು (ಹೌದು, ಎಂಜಿನಿಯರುಗಳೇ) ಈ ವಿಷಯದ ಮೇಲೆ ಬಂದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿತು. ಸಿಕ್ಕಿದ್ದು 5322. ಜರಡಿ ಹಿಡಿದ ಮೇಲೆ ನಂಬಿಕೆಗೆ ತಕ್ಕವು ಅಂತ ಉಳಿದಿದ್ದು ಬೆರಳೆಣಿಕೆಯಷ್ಟು. ಅವುಗಳಿಂದ ಬಂದ ಲೆಕ್ಕ ಹೀಗಿದೆ: ನೀರಿನ ಉಷ್ಣತೆ 40ರಿಂದ 42.5 ಡಿಗ್ರಿ ಸೆಲ್ಸಿಯಸ್. ಮಲಗುವುದಕ್ಕೆ 1ರಿಂದ 2 ಗಂಟೆ ಮೊದಲು. 10 ನಿಮಿಷ ಸಾಕು. ಹೀಗೆ ಮಾಡಿದವರಿಗೆ ನಿದ್ದೆ ಸರಾಸರಿ 10 ನಿಮಿಷ ಬೇಗ ಹತ್ತಿತು.

10 ನಿಮಿಷ ಅಂದರೆ ಏನು ಮಹಾ ಅನ್ನಬಹುದು. ಒಂದು ತಾಸು ಹೊರಳಾಡುವವರಿಗೆ ಅದರ ಬೆಲೆ ಗೊತ್ತು. ಗುಳಿಗೆ ಇಲ್ಲದೆ, ಖರ್ಚಿಲ್ಲದೆ ಸಿಗುವ 10 ನಿಮಿಷ ಅದು. ಹಾಗಂತ ಇದನ್ನು ರಾಮಬಾಣ ಅಂತ ಯಾರಾದರೂ ನಿಮಗೆ ಮಾರಲು ಬಂದರೆ ನಂಬಬೇಡಿ.

ರಾತ್ರಿ 11ಕ್ಕೆ ಮಲಗುವವರು 9.30ರ ಸುಮಾರಿಗೆ ನೀರಿನ ಕೆಲಸ ಮುಗಿಸಬೇಕು. ಸುಡುಸುಡು ನೀರು ಮೈಮೇಲೆ ಹೊಯ್ದುಕೊಂಡು ಸೀದಾ ಹಾಸಿಗೆಗೆ ಬಿದ್ದರೆ ಮೈ ಇನ್ನೂ ಕಾದಿರುತ್ತದೆ, ಬೆವರು ಬರುತ್ತದೆ, ಎದೆ ಬಡಿತವೂ ಜೋರಿರುತ್ತದೆ. "ಬಿಸಿನೀರು ಹಾಕ್ಕೊಂಡ್ರೂ ನಿದ್ದಿ ಬರಲಿಲ್ಲ" ಅನ್ನುವವರು ಒಮ್ಮೆ ವೇಳೆ ಬದಲಿಸಿ ನೋಡಲಿ.

ಬಾತ್‌ಟಬ್ ಬೇಕಾಗಿಲ್ಲ

ಇಂಥ ವಿಷಯದ ವಿಡಿಯೋಗಳಲ್ಲಿ ಬಿಳಿ ಬಾತ್‌ಟಬ್, ಅದರ ಸುತ್ತ ಮೇಣದ ಬತ್ತಿ, ನೀರಿನ ಮೇಲೆ ಗುಲಾಬಿ ಎಸಳು. ಜಪಾನಿನಲ್ಲಿ ಇದು ದಿನದ ರೂಢಿ. ಅಲ್ಲಿನ ಮನೆಗಳಲ್ಲಿ ರಾತ್ರಿ 'ಒಫುರೊ' ಅನ್ನುವ ಆಳದ ತೊಟ್ಟಿಯಲ್ಲಿ ಕುತ್ತಿಗೆಮಟ ಬಿಸಿನೀರಲ್ಲಿ ಕೂರುತ್ತಾರೆ. ನಮ್ಮಲ್ಲಿ ಕಿತ್ತೂರು ಕೋಟೆ ನೋಡಲು ಹೋದವರು ಅರಮನೆಯ ಅವಶೇಷಗಳ ನಡುವೆ ಸ್ನಾನದ ಮನೆಗಳನ್ನೂ ನೋಡಿರುತ್ತಾರೆ. ಆದರೆ ಅರಮನೆಯ ಮಾತು ಬೇರೆ. ನಮ್ಮ ನಿಮ್ಮ ಬಚ್ಚಲಮನೆ ಒಬ್ಬರು ನಿಂತರೆ ತುಂಬಿ ಹೋಗುತ್ತದೆ. ನಳದ ನೀರು ದಿನಾ ಬರದ ಓಣಿಯಲ್ಲಿ ಟಬ್ ತುಂಬಿಸುತ್ತೇನೆ ಅಂದರೆ ಮನೆಯವರು ಹೊರಗೆ ಹಾಕುತ್ತಾರೆ.

ಅದರ ಅಗತ್ಯವೂ ಇಲ್ಲ. ಬಿಸಿ ಹೊರಹಾಕುವ ಬಾಗಿಲು ಪಾದದಲ್ಲೇ ಇರುವಾಗ ಪಾದಕ್ಕೆ ನೀರು ಕೊಟ್ಟರೆ ಆಯಿತು. ಒಂದು ಪ್ಲಾಸ್ಟಿಕ್ ಬುಟ್ಟಿ, ಒಂದು ಸ್ಟೂಲ್, 5-6 ಲೀಟರ್ ನೀರು, ಒರೆಸಲು ಟವೆಲ್. ನೀರು ಕಾಲಿನ ಹರಡು ಮುಳುಗುವಷ್ಟಿದ್ದರೆ ಸಾಕು. ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು ಸೇರಿದಂತೆ ಪ್ರಕೃತಿ ಚಿಕಿತ್ಸೆ ಕಲಿಸುವಲ್ಲೆಲ್ಲ 'ಉಷ್ಣ ಪಾದಸ್ನಾನ' ಅಂತ ಇದಕ್ಕೊಂದು ಹೆಸರೇ ಇದೆ. ನಮ್ಮಲ್ಲಿ ಹೆಸರಿಡದೆ ಮಾಡಿಕೊಂಡು ಬಂದಿದ್ದೇವೆ. ಯಲ್ಲಮ್ಮನ ಗುಡ್ಡಕ್ಕೆ ನಡಕೊಂಡು ಹೋಗಿ ಬಂದವರು, ರಾಮದುರ್ಗದಲ್ಲಿ ದಿನವಿಡೀ ಮಗ್ಗದ ಮುಂದೆ ಕಾಲಾಡಿಸಿದವರು ರಾತ್ರಿ ಬಿಸಿನೀರಲ್ಲಿ ಕಾಲಿಟ್ಟು ಕೂತರೆ ಅದು ಯಾವ ಚಿಕಿತ್ಸೆ ಅಂತ ಯಾರೂ ಕೇಳುವುದಿಲ್ಲ.

ಬೆಳಗಿನ ಜಳಕ ಬಿಟ್ಟು ರಾತ್ರಿಗೆ ಬದಲಿಸಬೇಕು ಅಂತಲೂ ಅಲ್ಲ. ಪೂಜೆ, ಆಫೀಸು ಎಲ್ಲದಕ್ಕೂ ಬೆಳಗಿನ ಜಳಕ ಇರಲಿ. ಸಂಜೆಯದು ಪಾದಕ್ಕೆ ಮಾತ್ರ.

ಒಂದಕ್ಕೆ ನಾಕು: ತಂಬಿಗೆಯ ಲೆಕ್ಕ

40-42 ಡಿಗ್ರಿ ಅಂತ ಹೇಳುವುದು ಸುಲಭ, ಮನೆಯಲ್ಲಿ ಥರ್ಮಾಮೀಟರ್ ಹಿಡಿದು ಕೂರುವವರು ಯಾರು? ಅದಕ್ಕೆ ತಂಬಿಗೆಯ ಲೆಕ್ಕ ಹಾಕಿದೆ. ಶಾಲೆಯಲ್ಲಿ ಕಲಿತ ಸರಾಸರಿ ಲೆಕ್ಕವೇ.

ಟಾಕಿಯ ನೀರು ಸುಮಾರು 26 ಡಿಗ್ರಿ ಇರುವ ದಿನಗಳಲ್ಲಿ 4 ತಂಬಿಗೆ ತಣ್ಣೀರಿಗೆ ಕುದಿಯುವ ನೀರು 1 ತಂಬಿಗೆ. ಬೆರೆತಾಗ ಹತ್ತಿರ ಹತ್ತಿರ 41 ಡಿಗ್ರಿ ಆಗುತ್ತದೆ. ಥಂಡಿ ದಿನಗಳಲ್ಲಿ ನೀರು 20 ಡಿಗ್ರಿಗೆ ಇಳಿದಾಗ 3ಕ್ಕೆ 1. ಬೇಸಿಗೆಯಲ್ಲಿ ಟಾಕಿಯ ನೀರೇ 30 ಡಿಗ್ರಿ ಇದ್ದಾಗ 6ಕ್ಕೆ 1 ಹಾಕಿದರೂ 40 ಡಿಗ್ರಿ ಸಿಗುತ್ತದೆ.

ಎರಡು ನಿಯಮ. ಬುಟ್ಟಿಗೆ ಯಾವಾಗಲೂ ತಣ್ಣೀರು ಮೊದಲು, ಕುದಿಯುವ ನೀರು ಆಮೇಲೆ. ಚೆನ್ನಾಗಿ ಕಲಸಿ, ಮೊಣಕೈ ಅದ್ದಿ ನೋಡಿದ ಮೇಲೆಯೇ ಕಾಲಿಡಬೇಕು. ಬೆರಳಿಗಿಂತ ಮೊಣಕೈಗೆ ಬಿಸಿ ಚೆನ್ನಾಗಿ ತಿಳಿಯುತ್ತದೆ. ಹಿತವಾಗಿರಬೇಕು, ಚುರುಕ್ ಅನ್ನಬಾರದು. ಕಾಲು ಕೆಂಪಾಗುತ್ತಿದ್ದರೆ ಬಿಸಿ ಜಾಸ್ತಿ ಅಂತಲೇ ಅರ್ಥ.

ಕರೆಂಟಿನ ಖರ್ಚೂ ನೋಡಿಬಿಡಿ. 5 ಲೀಟರ್ ನೀರನ್ನು 26ರಿಂದ 41 ಡಿಗ್ರಿಗೆ ಏರಿಸಲು ಬೇಕಾಗುವ ಶಕ್ತಿ ಸುಮಾರು 0.09 ಯೂನಿಟ್. ಅದೇ 20 ಲೀಟರಿನ ಪೂರ್ತಿ ಬಕೆಟ್ ಆದರೆ ಸುಮಾರು 0.35 ಯೂನಿಟ್. ಹಂಡೆಯ ಕೆಳಗೆ ಹತ್ತಿಕಟಗಿ, ಕುಳ್ಳು ಉರಿಸುವ ಮನೆಗಳಲ್ಲಿ ಒಲೆಯ ಕಾವಿಗೇ ಇಷ್ಟು ನೀರು ಕಾದಿರುತ್ತದೆ. ಉಪ್ಪು ಹಾಕಬೇಕೇ ಅಂತ ಹಲವರು ಕೇಳುತ್ತಾರೆ. ಹಾಕಿದರೆ ತೊಂದರೆಯಿಲ್ಲ, ನಿದ್ದೆಯ ಮಟ್ಟಿಗೆ ಕೆಲಸ ಮಾಡುವುದು ಬಿಸಿ. ದುಬಾರಿ ಪಾಕೆಟ್ ತರಿಸುವುದು ಬೇಡ. ಬೋರ್‌ವೆಲ್ಲಿನ ಗಡಸು ನೀರಿಗೆ ಪಾದ ಒಡೆಯುವವರು ಒರೆಸಿದ ಮೇಲೆ ನಾಕು ಹನಿ ಕೊಬ್ಬರಿ ಎಣ್ಣೆ ತಿಕ್ಕಿಕೊಂಡರೆ ಒಳ್ಳೇದು. ಬೆರಳ ಸಂದಿಯನ್ನು ಮಾತ್ರ ಒಣಗಿಸಿಯೇ ಬಿಡಬೇಕು.

ಆಮೇಲಿನ ಒಂದು ತಾಸು

ಕಾಲು ಒರೆಸಿಕೊಂಡು ಬಂದು ಕೂತ ಮೇಲೆ ಮತ್ತೆ ಆಫೀಸಿನ ಚಾಟ್ ತೆರೆದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ. ಒಳಗೆ ದೇಹ ತಣ್ಣಗಾಗುತ್ತಿರುವಾಗ ತಲೆಯನ್ನೂ ತಣ್ಣಗಾಗಲು ಬಿಡಬೇಕು.

ಮೊದಲು ಬೆಳಕು. ರಾತ್ರಿ ಆಯಿತು ಅಂತ ದೇಹಕ್ಕೆ ತಿಳಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಕತ್ತಲಲ್ಲಿ ಹೆಚ್ಚುತ್ತದೆ, ಜೋರು ಬೆಳಕಿಗೆ ತಗ್ಗುತ್ತದೆ. ಹಾಲ್‌ನ ಟ್ಯೂಬ್‌ಲೈಟ್ ಆರಿಸಿ ಚಿಕ್ಕ ದೀಪ ಇಟ್ಟುಕೊಳ್ಳಿ. ಫೋನಿನ ಬೆಳಕಿಗಿಂತ ಅದರೊಳಗೆ ಬರುವ ಸುದ್ದಿ, ಜಗಳ, ರೀಲ್ಸು ಇನ್ನೂ ಹೆಚ್ಚು ಎಚ್ಚರ ಇಡುತ್ತವೆ. ಫೋನ್ ಚಾರ್ಜಿಗೆ ಇಡುವ ಜಾಗವನ್ನು ಹಾಸಿಗೆಯ ತಲೆದೆಸೆಯಿಂದ ಪಡಸಾಲೆಗೆ ಬದಲಿಸಿದರೆ ಅರ್ಧ ಕೆಲಸ ಆದಂಗ. ಅಲಾರಂಗೆ ನೂರೈವತ್ತು ರೂಪಾಯಿ ಆಸುಪಾಸಿನ ಒಂದು ಚಿಕ್ಕ ಗಡಿಯಾರ ಸಾಕು.

ಎರಡನೆಯದು ಚಾ. ನಮ್ಮಲ್ಲಿ ಯಾರ ಮನೆಗೆ ಯಾವ ಹೊತ್ತಿಗೆ ಹೋದರೂ ಕಪ್ಪುಬಸಿ ಬಂದೇ ಬರುತ್ತದೆ. ಕೆಫೀನ್ ಕುಡಿದ ಸುಮಾರು 5 ಗಂಟೆಯ ಮೇಲೂ ಅದರ ಅರ್ಧ ಮೈಯಲ್ಲೇ ಇರುತ್ತದೆ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. ನಮ್ಮ ಒಂದು ಕಪ್ಪಿನಲ್ಲಿ ಅಷ್ಟು ಇರುವುದಿಲ್ಲ, ಆದರೆ ನಾವು ಕುಡಿಯುವುದು ಒಂದೇ ಕಪ್ಪು ಅಲ್ಲವಲ್ಲ. ಸಂಜೆ 5ಕ್ಕೆ ಕೊನೆಯ ಚಾ ಅಂತ ಇಟ್ಟುಕೊಳ್ಳಿ. ಆಮೇಲೆ ಯಾರಾದರೂ ಕೊಟ್ಟರೆ "ಅರ್ಧಾ ಹಾಕ್ರಿ" ಅನ್ನಿ. ಬೇಡ ಅಂದರೆ ಹೇಗೂ ಬಿಡುವುದಿಲ್ಲ.

ಮೂರನೆಯದು ಊಟ. ರೊಟ್ಟಿ ಊಟ ಎಂಟು, ಎಂಟೂವರೆಗೆ ಮುಗಿದರೆ ಒಂಬತ್ತೂವರೆಗೆ ಕಾಲಿಗೆ ನೀರು, ಹನ್ನೊಂದಕ್ಕೆ ಹಾಸಿಗೆ. ಸಾಲು ತಾನಾಗಿ ಕೂಡುತ್ತದೆ.

ಮೈ ಸಡಿಲ ಬಿಡೋದೂ ಕಲಿಯಬೇಕು

"ಆರಾಮಾಗಿ ಮಲಕೋ" ಅಂತ ಹೇಳಿದ ಕೂಡಲೇ ಆರಾಮ ಆಗುವುದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತವರಿಗೆ ಹೆಗಲು ಕಿವಿಯ ಹತ್ತಿರ ಏರಿರುವುದು, ದವಡೆ ಕಚ್ಚಿ ಹಿಡಿದಿರುವುದು ಗೊತ್ತೇ ಆಗಿರುವುದಿಲ್ಲ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಇದಕ್ಕೊಂದು ದಾರಿ ಹುಡುಕಿ 1929ರಲ್ಲಿ ಪುಸ್ತಕವನ್ನೇ ಬರೆದರು. ಈಗ ಅದನ್ನು ಹೇಳಿಕೊಡುವ ಸರಳ ರೀತಿ ಹೀಗಿದೆ: ಒಂದು ಸ್ನಾಯುವನ್ನು ಬೇಕಂತಲೇ ಬಿಗಿ ಹಿಡಿ, ಆಮೇಲೆ ಬಿಡು. ಬಿಗಿ ಯಾವುದು, ಸಡಿಲ ಯಾವುದು ಅಂತ ದೇಹಕ್ಕೇ ತಿಳಿಯುತ್ತದೆ.

ಕಾಲು ನೀರಲ್ಲಿರುವ 10 ನಿಮಿಷದಲ್ಲೇ ಇದನ್ನು ಮಾಡಬಹುದು. ಪಾದದ ಬೆರಳುಗಳನ್ನು 5 ಸೆಕೆಂಡು ಮಡಚಿ ಹಿಡಿಯಿರಿ, ಬಿಡಿ. ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಹೆಗಲು, ಕೊನೆಗೆ ಮುಖ, ಹೀಗೆ ಒಂದೊಂದಾಗಿ ಮೇಲಕ್ಕೆ ಬನ್ನಿ. ಬಿಡುವಾಗ 10-15 ಸೆಕೆಂಡು ಸುಮ್ಮನಿರಿ. ನೋವಿರುವ ಜಾಗವನ್ನು ಬಿಗಿಯಬೇಡಿ. ಶವಾಸನ ಮಾಡಿ ರೂಢಿ ಇದ್ದವರಿಗೆ ಇದು ಹೊಸದೆನಿಸುವುದಿಲ್ಲ.

ಹಾಸಿಗೆಗೆ ಬಂದ ಮೇಲೆ ಉಸಿರು. ನಾಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವುದು ಉದ್ದ ಇರಲಿ. ಇಪ್ಪತ್ತು ಸಲ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ.

ನಾಳೆಯ ಕೆಲಸದ ಚಿಂತೆ ಕಾಡುವವರು ಸಂಜೆಯೇ ಒಂದು ಚೀಟಿಯಲ್ಲಿ ನಾಳೆ ಮಾಡಬೇಕಾದ್ದನ್ನು ಬರೆದಿಟ್ಟುಬಿಡಿ. ಚೀಟಿಯಲ್ಲಿ ಇದ್ದದ್ದನ್ನು ತಲೆ ರಾತ್ರಿಯೆಲ್ಲ ಕಾಯಬೇಕಾಗಿಲ್ಲ.

ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ? ಎದ್ದುಬಿಡಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂತು, ಅಷ್ಟೇನೂ ಕುತೂಹಲ ಹುಟ್ಟಿಸದ ಏನನ್ನಾದರೂ ಓದಿ. ಕಣ್ಣು ಎಳೆದಾಗ ಮತ್ತೆ ಹಾಸಿಗೆಗೆ. ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಮಿದುಳು ಕಲಿತುಬಿಡಬಾರದು ಅನ್ನುವುದು ಇದರ ಹಿಂದಿನ ವಿಚಾರ. ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ವೇಳೆ ಒಂದೇ ಇರಲಿ, ರವಿವಾರವೂ.

ರಾತ್ರಿ ನೀರು ಹಾಯಿಸುವವರು, ರಾತ್ರಿ ಪಾಳಿಯವರು

ಹತ್ತಕ್ಕೆ ಮಲಗಿ ಆರಕ್ಕೆ ಏಳುವ ಭಾಗ್ಯ ಎಲ್ಲರಿಗೂ ಇಲ್ಲ. ಪಂಪ್‌ಸೆಟ್ಟಿಗೆ ರಾತ್ರಿ ತ್ರೀಫೇಸ್ ಕೊಟ್ಟಾಗ ಕಬ್ಬಿಗೆ, ಗೋವಿನಜೋಳಕ್ಕೆ ನೀರು ಹಾಯಿಸಲು ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವ ಅಪ್ಪ, ಕಾಕಾ ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ. ಕೆಸರಲ್ಲಿ ನೆನೆದ ಕಾಲು ಕಲ್ಲಿನಂತೆ ತಣ್ಣಗಾಗಿ ನಸುಕಿನಲ್ಲಿ ಮನೆಗೆ ಬರುತ್ತಾರೆ. ಅದೇ ಕಾಲಲ್ಲಿ ಕಂಬಳಿ ಹೊದ್ದು ಮಲಗಿದರೆ ನಿದ್ದೆ ಬೇಗ ಹತ್ತುವುದಿಲ್ಲ, ಕಾರಣ ಮೇಲೆ ಹೇಳಿದ್ದೇ. ಅವರಿಗೆ ಒಂದು ತಾಸು ಕಾಯುವ ಪುರಸೊತ್ತಿಲ್ಲ, ಬೇಕಾಗಿಯೂ ಇಲ್ಲ. ಥರ್ಮಾಸಿನಲ್ಲಿ ಬಿಸಿನೀರು ತುಂಬಿಟ್ಟರೆ ಬಂದ ಕೂಡಲೇ ತಣ್ಣೀರು ಬೆರೆಸಿ ಕೆಸರು ತೊಳೆದು, ಐದು ನಿಮಿಷ ಕಾಲಿಟ್ಟು, ಒರೆಸಿ, ಸಡಿಲವಾದ ಕಾಲುಚೀಲ ಹಾಕಿಕೊಂಡು ಮಲಗಬಹುದು.

ರಾತ್ರಿ ಪಾಳಿಯ ಸಾಫ್ಟ್‌ವೇರ್ ಮಂದಿ, ನರ್ಸುಗಳು, ಬಸ್ಸಿನ ಸಿಬ್ಬಂದಿ ಬೆಳಿಗ್ಗೆ ಮಲಗುವವರು. ಅವರು ಗಡಿಯಾರಕ್ಕಿಂತ ತಮ್ಮ ಮಲಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಬೆಳಿಗ್ಗೆ 9ಕ್ಕೆ ಮಲಗುವವರು 7.30ರಿಂದ 8ರ ಒಳಗೆ ನೀರು ಮುಗಿಸಲಿ. ಕಿಟಕಿಗೆ ದಪ್ಪ ಪರದೆ ಇರಲಿ. ಓಣಿಯ ಕಾಯಿಪಲ್ಲೆ ಗಾಡಿಯ ಮೈಕಿಗೆ ಔಷಧ ಇಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಇನ್ನೊಬ್ಬರಿದ್ದಾರೆ. ಎಲ್ಲರಿಗೂ ಊಟ ಹಾಕಿ, ಭಾಂಡೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಕೊನೆಗೆ ಅಡುಗೆಮನೆ ದೀಪ ಆರಿಸುವವರು. ದಿನವಿಡೀ ನಿಂತು ಕೆಲಸ ಮಾಡಿ ಅವರ ಕಾಲು ಎಷ್ಟು ಬಾತಿರುತ್ತವೆ ಅಂತ ನಾವು ನೋಡಿರುವುದಿಲ್ಲ. ಅವ್ವನಿಗಾಗಲಿ, ಹೆಂಡತಿಗಾಗಲಿ "ನೀನೂ ಕಾಲಿಟ್ಟುಕೋ" ಅಂತ ಹೇಳಿದರೆ ಆಗುವುದಿಲ್ಲ, ಆ ನೀರನ್ನೂ ಅವರೇ ಕಾಯಿಸಿಕೊಳ್ಳಬೇಕಾಗುತ್ತದೆ. ಭಾಂಡೆ ನೀವು ತೊಳೆಯಿರಿ, ಬುಟ್ಟಿಗೆ ನೀರು ನೀವು ಬೆರೆಸಿ ತಂದಿಡಿ. ಆಗ ಅವರಿಗೂ ಒಂಬತ್ತೂವರೆ ಸಿಗುತ್ತದೆ.

ಬೇಸಿಗೆಯಲ್ಲೂ ಬಿಸಿನೀರೇ?

ಏಪ್ರಿಲ್-ಮೇ ತಿಂಗಳಲ್ಲಿ ಸವದತ್ತಿ, ರಾಮದುರ್ಗದ ಕಡೆ ಸ್ಲ್ಯಾಬ್ ಮನೆಗಳು ರಾತ್ರಿಯೂ ಕಾದ ಹಂಚಿನಂತಿರುತ್ತವೆ. ಆಗ ಕಾಲು ತಾನಾಗಿಯೇ ಬೆಚ್ಚಗಿರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆದುಕೊಂಡು, ಮೈ ಪೂರ್ತಿ ಒರೆಸದೆ ಫ್ಯಾನಿನ ಗಾಳಿಗೆ ಆರಲು ಬಿಟ್ಟರೆ ಸಾಕು. ಐಸ್ ಹಾಕಿದ ನೀರು ಬೇಡ. ತೀರಾ ತಣ್ಣೀರು ಚರ್ಮದ ನಾಳಗಳನ್ನು ಬಿಗಿಯುತ್ತದೆ, ಎಚ್ಚರವನ್ನೂ ಹೆಚ್ಚಿಸುತ್ತದೆ. ಹಿಂದಿನವರು ಮಾಳಿಗೆ ಮೇಲೆ ಹಾಸಿಕೊಂಡು ಮಲಗುತ್ತಿದ್ದುದು ಇದೇ ಲೆಕ್ಕಕ್ಕೆ: ಒಳಗಿನ ಬಿಸಿ ಹೊರಗೆ ಹೋಗಲು ಹೊರಗೆ ತಂಪಿರಬೇಕು.

ಇವರು ಹುಷಾರಾಗಿರಬೇಕು

ಈ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ. ಮನೆಯ ಹಿರಿಯರಿಗೆ ಈ ಲೇಖನ ಕಳಿಸುವುದಾದರೆ ಇಷ್ಟನ್ನಾದರೂ ಓದಿ ಹೇಳಿ.

ಸಕ್ಕರೆ ಕಾಯಿಲೆ ಇರುವವರು: ಹಲವು ವರ್ಷದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮಂದವಾಗಿರಬಹುದು. ನೀರು ಸುಡುತ್ತಿದ್ದರೂ ತಿಳಿಯುವುದಿಲ್ಲ. ಬೊಬ್ಬೆ ಎದ್ದು, ಗಾಯವಾಗಿ, ಬೆರಳು ಕಳೆದುಕೊಳ್ಳುವವರೆಗೆ ಹೋಗಬಹುದು. ಹೀಗಾಗಿ ಇಂಥವರಿಗೆ ಕಾಲನ್ನು ಬಿಸಿನೀರಲ್ಲಿ ನೆನೆಸುವುದೇ ಬೇಡ ಅಂತ ಡಾಕ್ಟರುಗಳು ಹೇಳುತ್ತಾರೆ. ಬಿಸಿನೀರಿನ ರಬ್ಬರ್ ಚೀಲವೂ ಬೇಡ. ಸಡಿಲವಾದ ಹತ್ತಿಯ ಕಾಲುಚೀಲ ಸಾಕು.

ಬಿಪಿ ಗುಳಿಗೆ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು: ಬಿಸಿನೀರಿಗೆ ನಾಳಗಳು ತೆರೆದು ಬಿಪಿ ಇಳಿಯಬಹುದು. ಗಕ್ಕನೆ ಎದ್ದರೆ ತಲೆ ಸುತ್ತಿ ಬೀಳುವ ಅಪಾಯ. ಡಾಕ್ಟರನ್ನು ಕೇಳಿ ಮಾಡಿ, ನಿಧಾನ ಏಳಿ. ಗರ್ಭಿಣಿಯರು ತುಂಬಾ ಬಿಸಿನೀರಿನ ಸ್ನಾನ ಬಿಡಬೇಕು. ಕಾಲಲ್ಲಿ ಗಾಯ, ಉಬ್ಬಿದ ನರ, ಜ್ವರ ಇದ್ದವರಿಗೂ ಇದು ಬೇಡ. ಕುಡಿದಾಗಂತೂ ಬೇಡವೇ ಬೇಡ.

ಕಾಯಿಲ್ ಹೀಟರ್: ನೀರಲ್ಲಿ ಕಾಯಿಲ್ ಇರುವಾಗ ಬಿಸಿ ನೋಡಲು ಬೆರಳು ಅದ್ದಬಾರದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಾಯಿಲ್ ಹೊರಗೆ ತೆಗೆದ ಮೇಲೆಯೇ ನೀರು ಮುಟ್ಟಬೇಕು. ಲೋಹದ ಬಕೆಟ್ ಬಳಸಬೇಡಿ. ಮಕ್ಕಳಿರುವ ಮನೆಯಲ್ಲಿ ಬಾಗಿಲು ಹಾಕಿಡಿ.

ಗ್ಯಾಸ್ ಗೀಸರ್: ಗಾಳಿಯಾಡದ ಬಚ್ಚಲಮನೆಯಲ್ಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿದ್ದವರು ಎಚ್ಚರ ತಪ್ಪಿ ಬಿದ್ದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಗೀಸರ್ ಬಚ್ಚಲದ ಹೊರಗೆ ಇರಲಿ. ಒಳಗೇ ಇದ್ದರೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಒಳಗೆ ಹೋಗಿ.

ನೀರಿನಿಂದ ಆಗದ ಕೆಲಸ

ವಾರಕ್ಕೆ ಕನಿಷ್ಠ 3 ರಾತ್ರಿ, ಕನಿಷ್ಠ 3 ತಿಂಗಳು ನಿದ್ದೆ ಕೆಟ್ಟಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಗುಳಿಗೆಯಲ್ಲ, ನಿದ್ದೆಯ ರೂಢಿ ಮತ್ತು ಯೋಚನೆಯನ್ನು ಹಂತ ಹಂತವಾಗಿ ತಿದ್ದುವ ಸಿಬಿಟಿ-ಐ ಅನ್ನುವ ಪದ್ಧತಿ ಅಂತ ಅಮೆರಿಕದ ವೈದ್ಯರ ಸಂಘಟನೆ 2016ರಲ್ಲೇ ಹೇಳಿದೆ. ಔಷಧದ ಅಂಗಡಿಯಲ್ಲಿ ನಿದ್ದೆ ಗುಳಿಗೆಯನ್ನು ಕೇಳಿ ತಂದುಕೊಳ್ಳುವ ದಾರಿ ಹಿಡಿಯಬೇಡಿ.

ಜೋರು ಗೊರಕೆ, ನಡುವೆ ಉಸಿರು ನಿಂತು ಗಕ್ಕನೆ ಎಚ್ಚರವಾಗುವುದು, ಎಂಟು ತಾಸು ಮಲಗಿದರೂ ಹಗಲಲ್ಲಿ ಬೈಕ್ ಮೇಲೆ ತೂಕಡಿಕೆ ಬರುವುದು ಸ್ಲೀಪ್ ಆಪ್ನಿಯಾ ಇರಬಹುದು. ಅದಕ್ಕೆ ಕಾಲಿಗೆ ನೀರು ಹಾಕಿ ಉಪಯೋಗವಿಲ್ಲ, ಪರೀಕ್ಷೆ ಬೇಕು. ಮನಸ್ಸು ಭಾರವಾಗಿ, ಯಾವುದೂ ಬೇಡ ಅನ್ನಿಸಿ ನಿದ್ದೆ ಹೋಗಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರಕಾರಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ. ದಿನದ 24 ತಾಸು, ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಏಳು ರಾತ್ರಿ ಮಾಡಿ ನೋಡಿ

ಒಂದೇ ರಾತ್ರಿಯಲ್ಲಿ ತೀರ್ಪು ಕೊಡಬೇಡಿ. ಒಂದು ವಾರ ಇಷ್ಟು ಮಾಡಿ:

• ಸಂಜೆ 5ರ ನಂತರ ಚಾ, ಕಾಫಿ ಇಲ್ಲ.
• 8.30ರ ಒಳಗೆ ಊಟ.
• 9.30ಕ್ಕೆ 10 ನಿಮಿಷ ಕಾಲಿಗೆ ಬಿಸಿನೀರು, ಒಂದಕ್ಕೆ ನಾಕರ ಲೆಕ್ಕದಲ್ಲಿ.
• ಆಮೇಲೆ ಫೋನ್ ಪಡಸಾಲೆಯಲ್ಲಿ, ಮನೆಯಲ್ಲಿ ಮಂದ ಬೆಳಕು.
• 11ಕ್ಕೆ ಹಾಸಿಗೆ, ಇಪ್ಪತ್ತು ಉದ್ದ ಉಸಿರು.
• ಬೆಳಿಗ್ಗೆ ಒಂದೇ ವೇಳೆಗೆ ಏಳುವುದು, ಎದ್ದು ಹತ್ತು ನಿಮಿಷ ಬಿಸಿಲಿಗೆ.

ಬೆಳಿಗ್ಗೆ ಎದ್ದಾಗ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ನಿದ್ದೆ ಹತ್ತಲು ಅಂದಾಜು ಎಷ್ಟು ಹೊತ್ತಾಯಿತು, ಎಷ್ಟು ಸಲ ಎಚ್ಚರವಾಯಿತು ಅಂತ ಪೆನ್ಸಿಲ್ಲಿನಲ್ಲಿ ಎರಡು ಅಂಕಿ ಬರೆಯಿರಿ. ವಾಚು, ಆ್ಯಪು ಬೇಡ. ಏಳನೇ ದಿನ ಸಾಲಾಗಿ ನೋಡಿದರೆ ನಿಮಗೆ ಇದು ಉಪಯೋಗವಾಯಿತೋ ಇಲ್ಲವೋ ನಿಮ್ಮದೇ ಅಂಕಿ ಹೇಳುತ್ತವೆ. ಆಗಿದ್ದರೆ ಮುಂದುವರಿಸಿ. ಆಗದಿದ್ದರೆ ಆ ಕ್ಯಾಲೆಂಡರ್ ಹಾಳೆಯನ್ನೇ ಡಾಕ್ಟರಿಗೆ ತೋರಿಸಿ, ಅವರಿಗೂ ಅದರಿಂದ ಕೆಲಸ ಸುಲಭ.

ಇವತ್ತು ಸಂಜೆ ಒಲೆಯ ಮೇಲೆ ಚಾ ಪಾತೇಲಿ ಇಳಿಸಿದ ಮೇಲೆ ಅದೇ ಉರಿಗೆ ಒಂದು ತಂಬಿಗೆ ನೀರು ಕುದಿಸಿ ಥರ್ಮಾಸಿಗೆ ತುಂಬಿಡಿ. ಒಂಬತ್ತೂವರೆಗೆ ಅದು ಸ್ವಲ್ಪ ಆರಿರುತ್ತದೆ, ಹಾಗಾಗಿ ನಾಕರ ಬದಲು ಮೂರು ತಂಬಿಗೆ ತಣ್ಣೀರು ಬೆರೆಸಿ. ಮೊಣಕೈ ಅದ್ದಿ ನೋಡುವುದನ್ನು ಮಾತ್ರ ಮರೆಯಬೇಡಿ.